ಹೂ ಬಿಟ್ಟ ಹುರುಳಿ

"ಬೇಡ ಕಣವ್ವ, ನನ್ ಕೈಲಾಗಲ್ಲ," ಎಂದು ಹನುಮಂತಯ್ಯ ನೇಗಿಲು ಬಿಟ್ಟು ಬದುವಿನ ಮೇಲೆ ಕೂತುಬಿಟ್ಟರು. ಎದುರಿಗೆ ಅರ್ಧ ಎಕರೆ ಹುರುಳಿ ಮೈತುಂಬ ಹೂ ಬಿಟ್ಟಿತ್ತು. "ಹೂ ಬಿಟ್ಟಿರೋ ಪೈರಿನ ಮ್ಯಾಲೆ ನೇಗಿಲು ಹೊಡಿಯೋದಾ? ಬಸುರೀನ ಹೊಡ್ದಂಗಲ್ವಾ?"

ಸೊಸೆ ಲಿಂಗಮ್ಮ ಸೆರಗು ಬಿಗಿದಳು. ಹೇರೋಹಳ್ಳಿಗೆ ಸೈಕಲ್ಲಿನಲ್ಲಿ ಬರುವ ಗ್ರಾಮಸೇವಕರು ಹೇಳಿದ್ದರು: ಚಳಿಗಾಲದ ಹುರುಳಿಯನ್ನು ಹೂವಿನಲ್ಲೇ ಉತ್ತು ಕೊಳೆಸಿದರೆ, ಮುಸುಕಿನ ಜೋಳಕ್ಕೆ ಅರ್ಧದಷ್ಟು ಸೀಮೆಗೊಬ್ಬರ ಸಾಕು. ಅವರ ಮಾತು ನಂಬಿ ಅವಳು ಅರ್ಧ ಮೂಟೆಯಷ್ಟೇ ತರಿಸಿದ್ದಳು. ಗಂಡ ತಿಮ್ಮಯ್ಯ ಮಿಲ್ಲಿನ ಕೆಲಸದವನು. "ನೀನುಂಟು, ಅಪ್ಪ ಉಂಟು," ಎಂದು ಕೈ ತೊಳೆದುಕೊಂಡಿದ್ದ. ಜೋಳ ಕೆಟ್ಟರೆ ಇನ್ನು ಹೊಲದ ವಿಷಯದಲ್ಲಿ ತನ್ನ ಮಾತು ನಡೆಯುವುದಿಲ್ಲವೆಂದು ಅವಳಿಗೆ ನಿಜಕ್ಕೂ ಭಯವಾಗಿತ್ತು.

"ಕಾಯಾದ್ರೆ ಸತ್ವ ಎಲ್ಲಾ ಕಾಳಿಗೆ ಹೋಯ್ತದಂತೆ ಮಾವ. ಈಗ್ಲೇ ಉಳಬೇಕು."

"ಹಂಗಾರೆ ಹುರುಳಿ ಸಾರಿಗೇನು ಮಾಡ್ತೀಯ?"

ಮುದುಕರ ಸಂಕಟದಲ್ಲಿ ಅರ್ಧ ಪೈರಿನದು, ಇನ್ನರ್ಧ ಸಾರಿನದು. ಲಿಂಗಮ್ಮನಿಗೆ ನಗು ಬಂದರೂ ತಡೆದುಕೊಂಡಳು.

ಕೊನೆಗೆ ಅವರೇ ಎದ್ದು ಎತ್ತುಗಳ ಬಾಯಿಕುಕ್ಕೆ ಬಿಚ್ಚಿದರು. "ಮೊದ್ಲು ಇವು ಹೊಟ್ಟೆ ತುಂಬ ತಿನ್ಲಿ. ಆಮ್ಯಾಲೆ ನೋಡಾನ."

ಎತ್ತುಗಳು ಹೂವು ಸಮೇತ ಮೇದವು. ಆಮೇಲೆ ಹನುಮಂತಯ್ಯ ನೇಗಿಲು ಹೂಡಿ ಉತ್ತರು. ಸಂಜೆಗೆ ಮೂಡಲ ಬದುವಿನ ಪಕ್ಕ ಎರಡು ಸಾಲು ಮಾತ್ರ ಹಾಗೇ ನಿಂತಿತ್ತು.

"ಅದೂ ಉತ್ಬಿಡಿ ಮಾವ."

"ಎತ್ತು ಸುಸ್ತಾಗವೆ."

ಇಷ್ಟಾದ ಮೇಲೆ ಎರಡು ಸಾಲಿಗೆ ಜಗಳವೇಕೆ ಎಂದು ಅವಳು ಸಿಟ್ಟು ನುಂಗಿಕೊಂಡಳು.

ಸಂಕ್ರಾಂತಿ ಕಳೆದ ಮೇಲೆ ಜೋಳ ಬಿತ್ತಿ, ಎತ್ತು ಕಟ್ಟಿ ಬಾವಿಯಿಂದ ಕಪಿಲೆ ಹೊಡೆದು ನೀರು ಕಟ್ಟಿದರು. ತಿಂಗಳೊಳಗೆ ಪೈರು ಕಪ್ಪುಹಸಿರಾಗಿ ಎದ್ದಿತು. ಗೊಬ್ಬರ ಮೂಟೆಯ ತಳದಲ್ಲಿ ಇನ್ನೂ ಒಂದಿಷ್ಟು ಉಳಿದಿತ್ತು. ಹನುಮಂತಯ್ಯ ಚೆನ್ನಾಗಿದೆ ಎಂದು ಬಾಯಿಬಿಟ್ಟು ಹೇಳಲಿಲ್ಲ. ಆದರೆ ಮಾಗಡಿ ರಸ್ತೆಯಲ್ಲಿ ಹೋಗುವವರನ್ನೆಲ್ಲ ಮಜ್ಜಿಗೆಗೆ ಕರೆದು, ಹೊಲದ ಕಡೆ ಮುಖ ಮಾಡಿಸಿ ಕೂರಿಸುತ್ತಿದ್ದರು. ಬೇಸಿಗೆಯೆಲ್ಲ ಮನೆಯ ಮಜ್ಜಿಗೆ ಹೀಗೇ ಖಾಲಿಯಾಗುತ್ತಿತ್ತು, ಲಿಂಗಮ್ಮನಿಗೂ ಅದರಲ್ಲಿ ಖುಷಿಯೇ.

ತೆನೆ ಮುರಿದ ದಿನ ಅವರು ಕೆಂಡದಲ್ಲಿ ಸುಟ್ಟ ತೆನೆಯೊಂದನ್ನು ಪೂರ್ತಿ ತಿಂದು ಮುಗಿಸಿ, ಅಟ್ಟದಿಂದ ಒಂದು ಗಡಿಗೆ ಇಳಿಸಿದರು. ಅದರ ಬಾಯಿಗೆ ಮೆತ್ತಿದ್ದ ಸಗಣಿ ಕಿತ್ತು ತೋರಿಸಿದರು. ಒಳಗೆ ಬೂದಿ ಬೆರೆಸಿದ ಹುರುಳಿಕಾಳು.

"ಆ ಎರಡು ಸಾಲಿಂದಾ?" ಲಿಂಗಮ್ಮ ಕೈ ಚಾಚಿದಳು. "ಸಾರು ಮಾಡ್ಲಾ ಮಾವ?"

"ಸಾರಂತೆ ಸಾರು! ಮುಟ್ಬ್ಯಾಡ. ಮುಂದಿನ ವರ್ಸ ಬಿತ್ತಕ್ಕೆ ಬೀಜ ಬ್ಯಾಡ್ವಾ?"

ಅವಳು ಹಸಿ ಸಗಣಿ ತಂದುಕೊಟ್ಟಳು. ಹನುಮಂತಯ್ಯ ಗಡಿಗೆಯ ಬಾಯನ್ನು ಮತ್ತೆ ಮೆತ್ತಿ, ಹೆಬ್ಬೆರಳಿನಿಂದ ಸುತ್ತಲೂ ಒತ್ತಿದರು.