ಹಗ್ಗದ ಮೇಲಿನ ಗ್ಲೌಸು

ದೇಶನೂರಿನ ಹಾಲಸಿದ್ದಪ್ಪನಿಗೆ ಒಂದು ಚಾಳಿ. ಹೆಂಡತಿ ಶಿವಬಸಮ್ಮನನ್ನು ಯಾರು ಏನೇ ಕೇಳಲಿ, ಉತ್ತರ ಅವನದೇ. ‘ಊಟ ಆಯ್ತೇನವ್ವಾ’ ಎಂದರೂ ‘ಆಗೈತ್ರಿ’ ಎನ್ನುವವನು ಅವನೇ. ಹೊರಗಿನ ಗಂಡಸರ ಮುಂದೆ ಆ ಮನೆಯ ಸೊಸೆಯರು ಬಾಯಿ ಬಿಡುವ ಹಾಗಿಲ್ಲ. ಇಷ್ಟು ವರ್ಷ ಅವಳು ಹಲ್ಲು ಕಚ್ಚಿಕೊಂಡು ಸಹಿಸಿದ್ದಳು. ಈಗ ಅದು ಜೀವಕ್ಕೇ ಬಂದಿತ್ತು.

ಹಿಂದೆ ಸಿರುಗುಪ್ಪದಲ್ಲಿ ಅಪೆಂಡಿಕ್ಸ್ ಆಪರೇಷನ್ ಆದಾಗ, ಡಾಕ್ಟರು ಹೊಟ್ಟೆಯೊಳಗೆ ಕೈಯಿಟ್ಟ ಸ್ವಲ್ಪ ಹೊತ್ತಿಗೇ ಅವಳ ಮುಖ ಊದಿ, ಉಸಿರು ಕಟ್ಟಿ, ನಾಡಿಯೇ ಸಿಗದಂತಾಗಿತ್ತು. ಬದುಕಿದ್ದೇ ದೊಡ್ಡದು. ಮತ್ತಿನ ಮದ್ದು ಒಗ್ಗಲಿಲ್ಲ ಎಂದು ಎಲ್ಲರೂ ಸುಮ್ಮನಾದರು. ಅದು ಡಾಕ್ಟರ ಕೈಯ ರಬ್ಬರ್ ಗ್ಲೌಸಿನದೇ ಕೆಲಸ ಎಂಬುದರಲ್ಲಿ ಅವಳಿಗೆ ಮಾತ್ರ ಅನುಮಾನವಿರಲಿಲ್ಲ. ಕುರುಗೋಡಿನ ತವರಿನಲ್ಲಿ ಬಲೂನು ಊದಿದರೆ ತುಟಿ ದಪ್ಪಗಾಗುತ್ತಿತ್ತು. ಬಿಸಿನೀರಿನ ರಬ್ಬರ್ ಚೀಲ ತಾಗಿದಲ್ಲೆಲ್ಲ ದದ್ದು. ಗಂಡನಿಗೆ ಹೇಳಿ ಹೇಳಿ ಬಾಯಿ ನೋಯಿತು.

“ರಬ್ಬರಿಗೆ ಯಾರರ ಸಾಯ್ತಾರೇನು ಹುಚ್ಚಿ? ಡಾಕ್ಟರ್ ನಗ್ತಾರ,” ಎಂದುಬಿಟ್ಟಿದ್ದ.

ಈಗ ಪಿತ್ತಕೋಶದಲ್ಲಿ ಕಲ್ಲು. ಬಳ್ಳಾರಿಯ ಆಸ್ಪತ್ರೆಯಲ್ಲಿ ಆಪರೇಷನ್ ಕೋಣೆಯ ಹೊರಗೆ ಕೂತಿದ್ದಳು. ಗ್ಲೌಸು ತೊಳೆದು ಮತ್ತೆ ಬಳಸುತ್ತಿದ್ದ ಕಾಲ ಅದು; ಎದುರಿನ ಹಗ್ಗದ ಮೇಲೆ ತೊಳೆದ ರಬ್ಬರ್ ಗ್ಲೌಸುಗಳು ಒಣಗುತ್ತಿದ್ದವು. ಡಾಕ್ಟರ್ ತಿಪ್ಪೇರುದ್ರಪ್ಪ ಬಂದರು.

“ಮೈಗೆ ಆಗಿಬರಂಗಿಲ್ಲ ಅನ್ನೂದು ಏನರ ಐತೇನಮ್ಮ?”

“ಏನೂ ಇಲ್ರಿ ಸಾಹೇಬ್ರ,” ಎಂದ ಹಾಲಸಿದ್ದಪ್ಪ. “ಗಟ್ಟಿ ಮೈ ಐತ್ರಿ ಅಕೀದು.”

ಶಿವಬಸಮ್ಮನಿಗೆ ಮೈಯೆಲ್ಲ ಉರಿಯಿತು. ಸಾಯುವವಳು ನಾನು, ಮಾತು ಮಾತ್ರ ಇವರದು. ಎದ್ದು ಹೋಗಿ, ಹಗ್ಗದಿಂದ ಒಂದು ಗ್ಲೌಸು ಕಿತ್ತು ಮುಂಗೈಗೆ ಒತ್ತಿ ಹಿಡಿದಳು.

“ಏನ್ ಮಾಡಾಕತ್ತೀ? ಬಿಡು,” ಎಂದ ಗಂಡ.

ಅವಳು ಬಿಡಲಿಲ್ಲ. ತುಸು ಹೊತ್ತಿನಲ್ಲಿ ಮುಂಗೈ ಕೆಂಪಾಗಿ, ದಪ್ಪ ದಪ್ಪ ಗಂದೆಗಳು ಎದ್ದವು. ಡಾಕ್ಟರು ಅವಳ ಕೈ ಹಿಡಿದು ತಿರುವಿ ತಿರುವಿ ನೋಡಿದರು.

“ಇದು ಯಾವಾಗಿಂದ?”

“ಸಣ್ಣಾಕಿ ಇದ್ದಾಗಿಂದ್ರಿ,” ಎಂದ ಹಾಲಸಿದ್ದಪ್ಪ, ಅಭ್ಯಾಸಬಲದಿಂದ.

ಡಾಕ್ಟರು ಅವನ ಕಡೆ ತಿರುಗಿದರು. “ಮತ್ತ ಈಗ ಏನೂ ಇಲ್ಲ ಅಂದ್ಯಲ್ಲಪ್ಪ?”

ಅವಳ ಕೈಯಿಂದ ಗ್ಲೌಸು ತೆಗೆದು ದೂರ ಇಟ್ಟರು.

“ರಬ್ಬರ್ ಹಿಂಗ ಮಾಡ್ತೈತಿ ಅಂತ ನಾನೂ ಕೇಳಿಲ್ಲ. ಆದ್ರ ಕಣ್ಣಾರೆ ಕಂಡದ್ದು ಬಿಡಾಕ ಆಗೂದಿಲ್ಲ,” ಎಂದರು ಡಾಕ್ಟರು. ಆವತ್ತಿನ ಆಪರೇಷನ್ ನಿಂತಿತು. ರಬ್ಬರಿನ ಕೊಳವೆ, ಪಟ್ಟಿ ಎಲ್ಲ ಹೊರಗಿಡಿಸಿ, ಪ್ಲಾಸ್ಟಿಕ್ ಗ್ಲೌಸು ತರಿಸಿಕೊಂಡು ಮುಂದಿನ ವಾರ ಮಾಡಿದರು. ಈ ಸಲ ಅವಳ ಮುಖ ಊದಲಿಲ್ಲ, ಉಸಿರೂ ಕಟ್ಟಲಿಲ್ಲ.

ಮರುದಿನ ಡಾಕ್ಟರು ಮಂಚದ ಹತ್ತಿರ ಬಂದರು. “ನೋವು ಐತೇನಮ್ಮ?”

“ಏನೂ ಇಲ್ರಿ ಸಾಹೇಬ್ರ,” ಎಂದ ಹಾಲಸಿದ್ದಪ್ಪ.

“ಐತ್ರಿ,” ಎಂದಳು ಶಿವಬಸಮ್ಮ. “ಭಾಳ ಐತಿ.”