ಎರಡನೆಯ ಮಗ್ಗಕ್ಕೆ ನೇಯುವವರು ಯಾರು?

ಬೆಟಗೇರಿಯ ನಮ್ಮ ಓಣಿಯಲ್ಲಿ ಮಗ್ಗದ ಸಪ್ಪಳವಿಲ್ಲದ ಮನೆ ಕಡಿಮೆ. ಆದರೂ ನೇಯುವವರು ಯಾರೆಂದರೆ ಗಂಡಸರ ಹೆಸರೇ ಬರುತ್ತದೆ. ಯಾಕೆ ಹೀಗೆ ಎಂಬ ಕುತೂಹಲ ನನಗೆ ಬಹಳ ದಿನದ್ದು. ಮೊನ್ನೆ ಮಹಿಳಾ ಸಂಘದ ಗುಲ್ನಾಜಕ್ಕ ನೇಕಾರರ ಗುರುತಿನ ಚೀಟಿಗೆ ಹೆಸರು ಬರೆದುಕೊಳ್ಳಲು ಹೊರಟಾಗ ನಾನೂ ಹಿಂದೆ ಹೋದೆ.

ಪಕ್ಕದ ಮನೆಯ ನೀಲಗಂಗವ್ವ ಚಿಗವ್ವ ಮನೆಯ ಎರಡು ಮಗ್ಗಗಳಲ್ಲಿ ಒಂದರ ಕುಣಿಯೊಳಗೆ ಕಾಲು ಇಳಿಬಿಟ್ಟು ಸೀರೆ ನೇಯುತ್ತಿದ್ದಳು.

“ಏನ್ ಕೆಲಸಾ ಮಾಡ್ತೀರಿ, ಅಕ್ಕಾರ?” ಗುಲ್ನಾಜಕ್ಕ ಕೇಳಿದಳು.

“ನಾನೇನ್ ಮಾಡ್ತೀನಿ? ಮನ್ಯಾಗ ಇರ್ತೀನಿ.”

“ಮತ್ತ ಈ ಸೀರಿ?”

“ನಮ್ಮನಿಯವರದು.”

“ಅವರೆಲ್ಲಿ?”

“ಚಾ ಕುಡಿಯಾಕ ಹೋಗ್ಯಾರ.”

“ಅಲ್ಲೇ ಕುಂತು ನೇಯ್ತಾರೇನು?”

ಚಿಗವ್ವ ನಕ್ಕಳು. ಆಮೇಲೆ ದನಿ ತಗ್ಗಿಸಿದಳು. “ನಾಳಿಗೆ ಈ ಮಗ್ಗ ಬಿಚ್ಚಿಸಿ ಮಾರ್ತಾರಂತ. ಇದರ ಮ್ಯಾಲೆ ನೇಯ್ತಿದ್ದ ಮಗ ಅರ್ಜುನ ಅಂಗಡಿ ಕೆಲಸಕ್ಕ ಹೋದ. ನೇಯವ್ರು ಒಬ್ರ ಅದಾರ, ಎರಡು ಮಗ್ಗ ಯಾಕಂತ. ಈ ಮಗ್ಗದ ಕೂಲಿನೂ ಹೋದ್ರ ಮಗಳು ವನಿತಾನ ಕಾಲೇಜು ನಿಂತಂಗ.”

ಅಷ್ಟರಲ್ಲಿ ಗಂಡ ದೇವಪ್ಪ ಕಾಕಾ ಬಂದ. ವಿಷಯ ತಿಳಿದು, “ಆಕಿ ಹೆಸರ ಯಾಕ್ರಿ? ನೇಯೋದು ನಾನು. ಆಕಿ ಸುಮ್ನ ಕೈ ಹಚ್ಚತಾಳ” ಎಂದ.

ನಾಲ್ಕು ಜನರ ಮುಂದೆ ಮಾತಾಡುವುದೆಂದರೆ ನನಗೆ ಆಗದು. ಆದರೂ ಕೇಳಿಬಿಟ್ಟೆ: “ಕಾಕಾ, ಅರ್ಜುನಣ್ಣ ಹೋದಮ್ಯಾಲೆ ಈ ಮಗ್ಗದಿಂದ ಇಳಿದ ಸೀರಿ ಯಾರು ನೇಯ್ದದ್ದು?”

“ಅದು...” ಕಾಕಾ ತನ್ನ ಮಗ್ಗ ನೋಡಿದ, ಚಿಗವ್ವನ ಮಗ್ಗ ನೋಡಿದ.

“ನೇಯವ್ರು ಇಬ್ರು ಅದಾರಲ್ರಿ,” ಎಂದಳು ಗುಲ್ನಾಜಕ್ಕ. “ಗಂಡಸು ನೇಯಲಿ, ಹೆಂಗಸು ನೇಯಲಿ, ಸೀರಿಗೆ ಕೂಲಿ ಒಂದ. ಚೀಟಿನೂ ಹೆಂಗಸರಿಗೆ ಕೊಡ್ತಾರ.”

“ಖರೆ ಐತ್ರಿ. ಆದ್ರ ಹೆಂಡತಿ ದುಡಿದು ಹಾಕ್ತಾಳ ಅಂತ ಜನಾ ಆಡ್ಕೊಳ್ಳಂಗಿಲ್ಲೇನು?”

ಚಿಗವ್ವ ಲಾಳಿ ಕೆಳಗಿಟ್ಟಳು. “ಈಗೇನ್ ಕದ್ದು ನೇಯಾಕತ್ತೀನೇನು? ಓಣಿಗೆಲ್ಲಾ ಸಪ್ಪಳ ಕೇಳ್ತೈತಿ!”

ಕಾಕಾನಿಗೂ ನಗು ಬಂತು. ಫೋನು ತೆಗೆದು, ಮಗ್ಗ ಬಿಚ್ಚಲು ಬರಬೇಕಿದ್ದವನಿಗೆ, “ನಾಳಿ ಬರಬ್ಯಾಡಪಾ. ಆ ಮಗ್ಗಕ್ಕ ನೇಯವ್ರು ಅದಾರ” ಎಂದ. ನಂತರ ಗುಲ್ನಾಜಕ್ಕನಿಗೆ, “ಬರ್ಕೋರಿ ಆಕಿ ಹೆಸರು. ಕೂಲಿನೂ ಆಕಿ ಕೈಗೇ ಕೊಡಾಕ ಸಾವುಕಾರಗ ನಾನ ಹೇಳ್ತೀನಿ” ಎಂದ.

ಅಕ್ಕತಂಗಿಯರೇ, ಮಗ್ಗವಿರಲಿ ಹೊಲವಿರಲಿ, ನೀವು ಮಾಡುವುದು ದುಡಿಮೆ. ಹಾಗೆಂದು ಬಾಯಿಬಿಟ್ಟು ಹೇಳಿ. ನಿಮ್ಮ ಹೆಸರಿನಲ್ಲಿ ಚೀಟಿ ಮಾಡಿಸಿಕೊಳ್ಳಿ; ನಿಮ್ಮ ಕೂಲಿ ನಿಮ್ಮ ಕೈಗೇ ಬರಲಿ. ಅಣ್ಣಂದಿರೇ, ಇವತ್ತು ಮನೆಗೆ ಹೋದಾಗ ಒಮ್ಮೆ ಸುಮ್ಮನೆ ಕುಳಿತು ನೋಡಿ: ನಿಮ್ಮ ಮನೆಯಲ್ಲಿ ದುಡಿಯುವವರು ನಿಜಕ್ಕೂ ಎಷ್ಟು ಜನ?