ಪೈಪಿಗೆ ಕೊಟ್ಟ ಪಾದೋದಕ

ಸ್ವಲ್ಪ ಕೂತು ಇದನ್ನು ಪೂರ್ತಿ ಕೇಳಿ. ಅರ್ಧಕ್ಕೇ ಎದ್ದು, ಆ ಮುದುಕರದ್ದೇ ಹಠ ಎಂದೋ ಆ ನರ್ಸ್ ಹುಡುಗಿಯದ್ದೇ ತಪ್ಪು ಎಂದೋ ಹೇಳಿ ಹೋಗಬೇಡಿ. ನಮ್ಮ ಪಿಜಿಯಲ್ಲಿ ಇಬ್ಬರು ಹಾಗೇ ಎದ್ದುಹೋದರು. ನನಗೆ ಅವರ ಮೇಲೆ ಇನ್ನೂ ಸಿಟ್ಟಿದೆ.

ನಾನು ದಾನಮ್ಮ. ಲಿಂಗಸುಗೂರು ಕಡೆಯವಳು. ನರ್ಸಿಂಗ್ ಮುಗಿಸಿ ಮೂಡಲಪಾಳ್ಯದಲ್ಲಿ ಇದ್ದುಕೊಂಡು, ಮನೆಗಳಿಗೆ ಹೋಗಿ ರೋಗಿಗಳನ್ನು ನೋಡಿಕೊಳ್ಳುತ್ತೇನೆ. ಈ ಕೆಲಸ ಎಂದರೆ ನನಗೆ ಹುಚ್ಚು. ರೋಗಿ ಹಾಸಿಗೆಯ ಮೇಲಿರುವಾಗಲೇ ಒಂದು ಮಗ್ಗುಲಿಗೆ ಹೊರಳಿಸಿ, ಕೆಳಗಿನ ಚಾದರ ಬದಲಿಸಿ, ಒಂದು ಸುಕ್ಕೂ ಉಳಿಯದ ಹಾಗೆ ಎಳೆಯುವುದಿದೆಯಲ್ಲ, ಅದನ್ನು ಜನ ಆಯಾ ಕೆಲಸ ಎನ್ನುತ್ತಾರೆ. ಅನ್ನಲಿ. ಆ ಸುಕ್ಕಿನಿಂದಲೇ ಬೆನ್ನಿನಲ್ಲಿ ಹುಣ್ಣು ಶುರುವಾಗುವುದು, ಆ ಹುಣ್ಣಿನಿಂದಲೇ ಜನ ಸಾಯುವುದು. ಹಾಗಾಗಿ ಸುಕ್ಕು ಕಂಡರೆ ನನಗೆ ಆಗುವುದಿಲ್ಲ, ಪಿಜಿಯಲ್ಲಿ ಬೇರೆಯವರ ಹಾಸಿಗೆಯನ್ನೂ ಸರಿಮಾಡಿ ಬೈಸಿಕೊಳ್ಳುತ್ತೇನೆ.

ನಾನು ಹೋಗುತ್ತಿದ್ದ ಮನೆ ಇದ್ದದ್ದು ಆರ್‌ಪಿಸಿ ಲೇಔಟಿನಲ್ಲಿ. ರೋಗಿ ರೇವಣಸಿದ್ದಪ್ಪನವರು, ನೀರಾವರಿ ಎಂಜಿನಿಯರ್ ಆಗಿ ನಿವೃತ್ತರಾದವರು. ಪಾರ್ಶ್ವವಾಯು ಬಡಿದು ಎಡಗೈ, ಎಡಗಾಲು ಬಿದ್ದುಹೋಗಿದ್ದವು. ಮಾತು ತೊದಲುತ್ತಿತ್ತು, ಬುದ್ಧಿ ಮಾತ್ರ ಚುರುಕು. ಮೊದಲ ದಿನವೇ ಕೇಳಿದರು.

"ಯಾವೂರಮ್ಮ?"

"ಲಿಂಗಸುಗೂರ್ ಕಡೆರೀ ಅಜ್ಜಾರ."

"ನಿಮ್ ಕಡೆ ಕಾಲುವೆ ನಾನು ಅಳ್ದಿದೀನಿ. ನೀರು ಬರುತ್ತಾ?"

"ಬರ್ತದ್ರೀ. ನೀವು ಅಳತಿ ಮಾಡ್ದಂಗಲ್ಲ, ಅದರ ಮನಸ್ಸಿಗೆ ಬಂದಂಗ."

ಅರ್ಧ ಬಾಯಲ್ಲಿ ನಕ್ಕರು. ಆ ನಗುವಿಗೇ ನಾನು ಆ ಮನೆಗೆ ಒಗ್ಗಿಕೊಂಡೆ.

ತೊಂದರೆ ಇದ್ದದ್ದು ಗಂಟಲಿನಲ್ಲಿ. ಅವರಿಗೆ ನುಂಗಲು ಬರುತ್ತಿರಲಿಲ್ಲ. ಬಾಯಿಗೆ ಹಾಕಿದ ನೀರು ಹೊಟ್ಟೆಗೆ ಇಳಿಯದೆ ಶ್ವಾಸಕೋಶಕ್ಕೆ ಜಾರುವ ಸ್ಥಿತಿ. ಅದಕ್ಕೇ ಮೂಗಿನಿಂದ ಹೊಟ್ಟೆಯವರೆಗೆ ತೆಳ್ಳಗಿನ ಪೈಪು ಹಾಕಿದ್ದರು. ಊಟ, ನೀರು, ಬಿಪಿ ಮಾತ್ರೆಯ ಪುಡಿ ಎಲ್ಲ ಅದರಲ್ಲೇ. ಆ ಪೈಪನ್ನು ಅವರು ಬೆಳಗಾದರೆ ಬಲಗೈಯಲ್ಲಿ ಹಿಡಿದು ಕಿತ್ತು ಎಸೆಯುತ್ತಿದ್ದರು.

ಯಾಕೆ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಬುದ್ಧಿ ತಿಳಿದಾಗಿನಿಂದ ಅವರು ಸ್ನಾನ ಮಾಡಿ, ಕೊರಳಿನ ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡು ಪೂಜಿಸಿ, ಲಿಂಗದ ಮೇಲೆ ಎರೆದ ನೀರನ್ನು ಪಾದೋದಕ ಎಂದು ನಾಲಿಗೆಗೆ ತೆಗೆದುಕೊಂಡ ಮೇಲೆಯೇ ಊಟ ಮುಟ್ಟಿದವರು. ಜ್ವರ ಬಂದಾಗಲೂ, ರೈಲಿನಲ್ಲೂ ಅಷ್ಟೇ. ಈಗ ಲಿಂಗ ಹಿಡಿಯುವ ಆ ಎಡಗೈಯೇ ಮುದುರಿಕೊಂಡು ಬಿದ್ದಿತ್ತು, ಪಾದೋದಕ ಇಳಿಯುವ ಗಂಟಲು ಮುಚ್ಚಿತ್ತು. ಅವರಿಗೆ ಪಾದೋದಕ ಇಲ್ಲದೆ ಹೊಟ್ಟೆಗೆ ಏನೂ ಬೇಡ.

"ಅಜ್ಜಾರ, ಪಾದೋದಕ ಪೈಪಿನ್ಯಾಗ ಮೊದಲು ಹಾಕ್ತೀನ್ರೀ, ಆಮ್ಯಾಲ ಊಟ. ಆಗಬಹುದೇನ್ರೀ?" ಎಂದು ಕೇಳಿದೆ.

"ಅದು ಪೈಪಿಗೆ ಕೊಟ್ಟಿದ್ದು," ಎಂದರು. "ನನಗಲ್ಲ. ಪೈಪಿಗೆ ನೀರು ಬಿಡೋದು ನನಗೇ ಹೇಳ್ಕೊಡ್ತೀಯಾ?"

ಪೈಪು ಕಿತ್ತಾಗಲೆಲ್ಲ ಮತ್ತೆ ಹಾಕುವವಳು ನಾನು. ಮೂಗಿನ ತುದಿಯಿಂದ ಕಿವಿಗೆ, ಕಿವಿಯಿಂದ ಎದೆಗೂಡಿನ ಕೆಳತುದಿಗೆ ಅಳೆದು, ಗದ್ದ ಎದೆಗೆ ತಾಗಿಸಿ, ಮೆಲ್ಲಗೆ ಇಳಿಸಬೇಕು. ಇಳಿದ ಮೇಲೆ ಸಿರಿಂಜಿನಲ್ಲಿ ಎಳೆದು, ಬಂದ ರಸವನ್ನು ಪರೀಕ್ಷೆಯ ಕಾಗದಕ್ಕೆ ತಾಗಿಸಿ, ಹೊಟ್ಟೆಯ ಹುಳಿ ಎಂದು ಖಾತ್ರಿಯಾದ ಮೇಲೆಯೇ ಊಟ. ಕೊನೆಗೊಮ್ಮೆ ಮೂಗಿನಲ್ಲಿ ರಕ್ತ ಬಂತು. ಫೋನಿನಲ್ಲಿ ಡಾಕ್ಟರು, "ಇನ್ನೂ ಹೀಗೇ ಆದ್ರೆ ಹೊಟ್ಟೆಗೇ ತೂತು ಮಾಡಿ ಹಾಕ್ಬೇಕಾಗುತ್ತೆ. ಆದ್ರೆ ಅವರ ಹಾರ್ಟ್ ಅದನ್ನ ತಡ್ಕೊಳ್ಳುತ್ತೆ ಅನ್ನೋ ಧೈರ್ಯ ನನಗಿಲ್ಲ," ಎಂದರು. ಅಂದರೆ ಆ ಪೈಪು ಉಳಿದರೆ ಅಜ್ಜ ಉಳಿದ ಹಾಗೆ.

ಮಗ ಗಿರಿರಾಜ್ ಕಾಲೇಜಿನಲ್ಲಿ ಪಾಠ ಮಾಡುವವರು. ಅವರು ರಕ್ತ ಕಂಡ ಕೂಡಲೇ ಹೇಳಿದರು.

"ಕೈ ಕಟ್ಟಿಬಿಡಿ ಸಿಸ್ಟರ್."

"ಕಟ್ಟಿದ್ರ ಇನ್ನೂ ಹಠ ಹೆಚ್ಚಾಗ್ತದ್ರೀ ಸಾರ್."

"ಹಠ ಮಾಡೋಕೆ ಜೀವ ಇರ್ಬೇಕಲ್ಲ. ಕಟ್ಟಿ."

ಕಟ್ಟಿದೆ. ಕಟ್ಟಿನೊಳಗೆ ಎರಡು ಬೆರಳು ಸಲೀಸಾಗಿ ಹೋಗುವಷ್ಟು ಸಡಿಲವಾಗಿ, ಕೆಳಗೆ ಹತ್ತಿಯ ಮೆತ್ತೆ ಇಟ್ಟು, ಪುಸ್ತಕದಲ್ಲಿ ಇದ್ದ ಹಾಗೆಯೇ. ಅಜ್ಜ ಆ ಕೈಯನ್ನೇ ನೋಡುತ್ತಿದ್ದರು. ಬಾಗಿಲಲ್ಲಿ ಅವರ ಹೆಂಡತಿ ಕಲ್ಯಾಣಮ್ಮನವರು ಬೆಳ್ಳಿ ಬಟ್ಟಲು ಹಿಡಿದು ನಿಂತಿದ್ದರು.

"ಒಂದೇ ಒಂದು ಚಮಚ ಕಣಮ್ಮ."

"ಬ್ಯಾಡ್ರೀ ಅಮ್ಮಾರ. ಮಾತಾಡುವಾಗ ಅವರ ಗಂಟಲಾಗ ಗುಳುಗುಳು ಅಂತದ, ಕೇಳ್ರಿ. ಅವರ ಉಗುಳೇ ಅವರಿಗಿ ಕೆಳಗ ಇಳಿಯವಲ್ದು."

"ಅದು ನೀರಲ್ಲ ಕಣೇ. ಪಾದೋದಕ."

ಇದಕ್ಕೆ ಏನು ಉತ್ತರ ಕೊಡುತ್ತೀರಿ? ನಮ್ಮ ಮನೆಯಲ್ಲೂ ಅವ್ವ ಅದನ್ನು ನೀರು ಎನ್ನುವುದಿಲ್ಲ. ಕ್ಲಾಸಿನಲ್ಲಿ ನನಗೆ ಗಂಟಲಿನ ಚಿತ್ರ ತೋರಿಸಿದ್ದರು, ಇದನ್ನು ಹೇಳಿಕೊಟ್ಟಿರಲಿಲ್ಲ.

ಮರುದಿನ ನಾನು ಮೂತ್ರದ ಚೀಲ ಖಾಲಿ ಮಾಡಲು ಬಚ್ಚಲಿಗೆ ಹೋಗಿದ್ದೆ. ಬರುವಷ್ಟರಲ್ಲಿ ಅಜ್ಜನ ಕೈ ಕಟ್ಟು ಬಿಚ್ಚಿತ್ತು, ಕಲ್ಯಾಣಮ್ಮನವರು ಅವರ ಬಾಯಿಂದ ಚಮಚ ತೆಗೆಯುತ್ತಿದ್ದರು. ಅಜ್ಜ ಕೆಮ್ಮಲಿಲ್ಲ. ಕೆಮ್ಮಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ. ಕಣ್ಣು ದೊಡ್ಡದಾಯಿತು, ತುಟಿ ನೀಲಿಗಟ್ಟಿತು. ನಾನು ಅವರನ್ನು ಮಗ್ಗುಲಿಗೆ ಹೊರಳಿಸಿ, ತಲೆ ತಗ್ಗಿಸಿ, ಸಕ್ಷನ್ ಮಷೀನು ಹಚ್ಚಿ ಗಂಟಲಿನಲ್ಲಿದ್ದದ್ದನ್ನು ಎಳೆದೆ. ಮಷೀನಿನ ಗರಗರ ಸದ್ದು ಒಂದೇ ಕೇಳುತ್ತಿತ್ತು. ತುಟಿಗೆ ಬಣ್ಣ ಮರಳಿದ ಮೇಲೆ ಅಜ್ಜ ಮೊದಲು ಆಡಿದ ಮಾತು ಏನು ಗೊತ್ತೇ?

"ಸಿಕ್ತು."

ಕೈ ಕಟ್ಟು ಬಿಚ್ಚಿದ್ದರೂ ಆ ದಿನ ಪೂರ್ತಿ ಅವರು ಪೈಪು ಮುಟ್ಟಲಿಲ್ಲ. ರಾಗಿ ಗಂಜಿ, ಬೇಳೆ ನೀರು, ಮಾತ್ರೆ, ಕೊಟ್ಟದ್ದೆಲ್ಲ ಸುಮ್ಮನೆ ತೆಗೆದುಕೊಂಡರು. ಸಾಯಿಸಲಿದ್ದ ಆ ಒಂದು ಚಮಚವೇ ಅವರಿಗೆ ಇಡೀ ದಿನದ ಊಟ ಕೊಡಿಸಿತ್ತು. ನನಗೆ ತಲೆ ಕೆಟ್ಟುಹೋಯಿತು.

ಸಂಜೆ ಗಿರಿರಾಜ್ ಸಾರ್‌ಗೆ ವಿಷಯ ಗೊತ್ತಾಯಿತು. ಅವರು ಕೂಗಾಡಲಿಲ್ಲ, ಅದೇ ಕಷ್ಟವಾಗಿದ್ದು.

"ಅಮ್ಮಾ, ಇನ್ಮೇಲೆ ನೀನು ಆ ರೂಮಿಗೆ ಹೋಗ್ಬೇಡ."

"ಐವತ್ತು ವರ್ಷ ಅವರ ಪೂಜೆಗೆ ನೀರು ಇಟ್ಟಿದೀನಿ ಕಣೋ."

"ಅದೇ ನೀರಲ್ಲಿ ಸಾಯಿಸ್ತಿದ್ದೆ."

ಕಲ್ಯಾಣಮ್ಮನವರು ಹೋಗಿ ಮೆಟ್ಟಿಲ ಮೇಲೆ ಕೂತರು. ಒಳಗೆ ಅಜ್ಜನಿಗೆ ಎಲ್ಲ ಕೇಳಿಸಿತ್ತು. ಮರುದಿನ ಪೈಪು ಮತ್ತೆ ಕೆಳಗೆ. ನಾನು ಹಾಕಲು ಹೋದರೆ ಹಲ್ಲು ಕಚ್ಚಿ ಮುಖವನ್ನು ಗೋಡೆಯ ಕಡೆ ತಿರುಗಿಸಿದರು. ಮಧ್ಯಾಹ್ನಕ್ಕೆ ನಾಲಿಗೆ ಒಣಗಿ ಮರದ ತೊಗಟೆಯಂತಾಗಿತ್ತು. ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರೆ ಹಾಗೇ ಎದ್ದು ನಿಲ್ಲುತ್ತಿತ್ತು. ಬಿಪಿ ಏರಿತ್ತು, ಮಾತ್ರೆ ಕೊಡಲು ದಾರಿಯಿರಲಿಲ್ಲ.

"ಅಜ್ಜಾರ, ನಿಮ್ಮ ಕಾಲಿಗಿ ಬೀಳ್ತೀನ್ರೀ."

"ಬಿಟ್ಬಿಡು ತಾಯಿ," ಎಂದರು. "ನಿನ್ ಕೆಲಸ ನೀನು ಚೆನ್ನಾಗೇ ಮಾಡ್ದೆ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟು ಅತ್ತೆ.

ಅತ್ತು ಮುಗಿಸಿ ಅವರ ಬಾಯಿ ಒರೆಸಲು ಬಂದೆ. ನುಂಗಲಾಗದವರ ಬಾಯಿಯನ್ನು ದಿನಕ್ಕೆ ಹಲವು ಬಾರಿ ಒರೆಸಬೇಕು, ಇಲ್ಲದಿದ್ದರೆ ಕೊಳೆ ಕಟ್ಟಿ ಅದೇ ಎದೆಗೆ ಇಳಿಯುತ್ತದೆ. ಬ್ಯಾಂಡೇಜಿನ ತೆಳು ಬಟ್ಟೆಯನ್ನು ನೀರಿನಲ್ಲಿ ಅದ್ದಿ, ಹನಿ ಬೀಳದಂತೆ ಹಿಂಡಿ, ಚಿಮಟಿಗೆಯಲ್ಲಿ ಹಿಡಿದು ಒಸಡು, ಕೆನ್ನೆಯ ಒಳಗೆ, ನಾಲಿಗೆ ಒರೆಸುವುದು. ಬಟ್ಟೆ ಹಿಂಡುತ್ತಾ ನಿಂತವಳಿಗೆ ಹೊಳೆಯಿತು. ಬೆಳಗಿನಿಂದ ಸಂಜೆಯವರೆಗೆ ನಾನು ಈ ನಾಲಿಗೆಯನ್ನು ಒದ್ದೆ ಮಾಡುತ್ತಲೇ ಇದ್ದೇನೆ. ಯಾವ ನೀರಿನಲ್ಲಿ ಎಂದು ಯಾರು ಹೇಳಿದ್ದಾರೆ?

ಡಾಕ್ಟರಿಗೆ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ.

"ಕಾಯಿಸಿ ಆರಿಸಿದ ನೀರು. ಮೊದಲು ಬಾಯಿ ಪೂರ್ತಿ ಕ್ಲೀನ್ ಮಾಡಿ. ಕೂರಿಸಿ, ಗದ್ದ ಕೆಳಗೆ. ಗಟ್ಟಿಯಾಗಿ ಹಿಂಡಿ. ಅವರು ಎಚ್ಚರವಾಗಿದ್ರೆ ಮಾತ್ರ," ಎಂದರು. "ರಿಸ್ಕ್ ಇಲ್ಲ ಅಂತ ನಾನು ಹೇಳ್ತಿಲ್ಲ."

ಗಿರಿರಾಜ್ ಸಾರ್‌ಗೂ ಹೇಳಿದೆ. ಅವರು ನನ್ನ ಮುಖ ನೋಡಲಿಲ್ಲ. "ಬೇರೆ ದಾರಿ ಏನಿದೆ," ಎಂದು ತಾವೇ ಮೆಟ್ಟಿಲಿಗೆ ಹೋಗಿ ಅಮ್ಮನನ್ನು ಕರೆದುಕೊಂಡು ಬಂದರು.

ಅಜ್ಜನಿಗೆ ಮೈ ಒರೆಸಿ, ಹಣೆಗೆ ವಿಭೂತಿ ಹಚ್ಚಿ, ಹಾಸಿಗೆಯ ತಲೆಭಾಗ ಎತ್ತಿ ಕೂರಿಸಿದೆ. ಎಡಗೈಯ ಕೆಳಗೆ ದಿಂಬು ಇಟ್ಟೆ. ಮುದುರಿದ ಕೈಯ ಬೆರಳನ್ನು ನೇರ ಎಳೆದರೆ ಬಿಡಿಸಿಕೊಳ್ಳುವುದಿಲ್ಲ. ಮೊದಲು ಮಣಿಕಟ್ಟು ಒಳಕ್ಕೆ ಬಗ್ಗಿಸಬೇಕು, ಆಗ ಬೆರಳು ತಾವೇ ಸಡಿಲವಾಗುತ್ತವೆ. ಕೈ ತೆರೆಯಿತು. ಅಂಗೈಯನ್ನು ಕಲ್ಯಾಣಮ್ಮನವರು ತೊಳೆದರು, ಕೆಳಗೆ ತಮ್ಮ ಕೈಯನ್ನು ಆಸರೆಯಾಗಿ ಹಿಡಿದರು. ಲಿಂಗ ಆ ಅಂಗೈ ಮೇಲೆ ಕೂತಿತು. ಅಜ್ಜ ಬಲಗೈಯಿಂದ ನೀರೆರೆದರು, ಪತ್ರೆ ಇಟ್ಟರು. ಬಟ್ಟಲಿಗೆ ಇಳಿದ ನೀರಿನಲ್ಲಿ ಬಟ್ಟೆ ಅದ್ದಿ, ಹಿಂಡಿ, ಅವರ ನಾಲಿಗೆಗೆ ಒತ್ತಿದೆ.

ಅವರು ಬಟ್ಟೆಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದರು. ಬಿಡಲೊಲ್ಲರು.

"ಬಿಡ್ರೀ, ಅದು ನನ್ನ ಸೆರಗಲ್ಲ," ಎಂದು ಕಲ್ಯಾಣಮ್ಮನವರು ಅಂದರು. ಮದುವೆಯಾದ ಹೊಸತರಲ್ಲಿ ಮಾತಾಡಿದ ಹಾಗಿತ್ತು. ಅಜ್ಜನ ಅರ್ಧ ಬಾಯಿ ನಕ್ಕಿತು, ಬಟ್ಟೆ ಸಡಿಲವಾಯಿತು. ಆಮೇಲೆ ನನ್ನ ಕಡೆ ತಿರುಗಿ ಮೂಗು ತೋರಿಸಿದರು. ಹಾಕು ಎಂದು.

ಒಂದು ವಾರ ಹೀಗೆ ನಡೆಯಿತು. ಕೈ ಕಟ್ಟಿದ್ದ ಪಟ್ಟಿಯನ್ನು ಎಸೆದೆವು. ನಾಲಿಗೆ ಮತ್ತೆ ಹಸಿಯಾಯಿತು. ಬಸ್ಸಿನಲ್ಲಿ ಹೋಗುವಾಗ ನಾನು ಒಬ್ಬಳೇ ನಗುತ್ತಿದ್ದೆ.

ಆಮೇಲೆ ಒಂದು ಬೆಳಗ್ಗೆ ಹೋದರೆ ಮೈ ಕೆಂಡ. ಉಸಿರು ಏದುಸಿರಾಗಿ ಪಕ್ಕೆ ಒಳಕ್ಕೆ ಸೆಳೆಯುತ್ತಿತ್ತು, ಎದೆಗೆ ಸ್ಟೆತಸ್ಕೋಪ್ ಇಟ್ಟರೆ ಬಲಗಡೆ ಚರಚರ ಸದ್ದು. ಆ ಚಮಚದ್ದೋ, ನನ್ನ ಬಟ್ಟೆಯದ್ದೋ, ಅವರ ಉಗುಳಿನದ್ದೋ, ಯಾರೂ ಹೇಳಲಾರರು. ಡಾಕ್ಟರು ಫೋನಿನಲ್ಲಿ, "ತಕ್ಷಣ ಆಂಬುಲೆನ್ಸ್. ಬಾಯಿಗೆ ಏನೂ ಬೇಡ. ಬಟ್ಟೆಯೂ ಬೇಡ," ಎಂದರು.

ಆಂಬುಲೆನ್ಸ್ ನಾಯಂಡಹಳ್ಳಿ ಜಂಕ್ಷನ್ನಿನಲ್ಲಿ ಸಿಕ್ಕಿಕೊಂಡಿತ್ತು. ಗಿರಿರಾಜ್ ಸಾರ್ ರಸ್ತೆಗೆ ಓಡಿದರು. ನಾನು ಅಜ್ಜನನ್ನು ಕೂರಿಸಿ ಆಕ್ಸಿಜನ್ ಹಚ್ಚಿದೆ. ಅವರಿಗೆ ಮಂಪರು, ಕರೆದರೆ ಕಣ್ಣು ತೆರೆದು ಮತ್ತೆ ಮುಚ್ಚುತ್ತಿದ್ದರು. ಆದರೂ ಪೂಜೆಯ ಹೊತ್ತು ಗೊತ್ತಾಗಿತ್ತು. ಬಲಗೈಯಲ್ಲಿ ಎಡಗೈಯನ್ನು ಹುಡುಕಿದರು. ಕಲ್ಯಾಣಮ್ಮನವರು ಏನೂ ಕೇಳದೆ ಆ ಕೈಯನ್ನು ತೆರೆದರು, ನಾನು ಕಲಿಸಿದ ಹಾಗೆಯೇ, ಮೊದಲು ಮಣಿಕಟ್ಟು ಬಗ್ಗಿಸಿ. ಲಿಂಗ ಇಟ್ಟರು. ನೀರೆರೆದರು. ಬಟ್ಟಲನ್ನು ನನ್ನ ಮುಂದೆ ಹಿಡಿದರು.

ನಾನು ಬಟ್ಟೆ ಅದ್ದಿದೆ. ಹಿಂಡಿದೆ. ಅಭ್ಯಾಸದ ಕೈ.

ತುಟಿಯ ಹೊರಗೆ ಮಾತ್ರ ಒರೆಸಿದೆ.

"ಒಳಗೆ," ಎಂದರು ಅಜ್ಜ.

"ಇವತ್ತು ಬ್ಯಾಡ್ರೀ ಅಜ್ಜಾರ. ಆಸ್ಪತ್ರಿಯಿಂದ ಬಂದ ಮ್ಯಾಲ."

"ಒಳಗೆ, ತಾಯಿ."

ಕಲ್ಯಾಣಮ್ಮನವರು ನನ್ನನ್ನು ನೋಡುತ್ತಿದ್ದರು. ಅಜ್ಜನ ಉಸಿರಾಟದ ನಡುವೆ ನುಂಗಲು ಜಾಗವೇ ಇರಲಿಲ್ಲ. ಇದು ನನಗೆ ಚೆನ್ನಾಗಿ ಕಾಣುತ್ತಿತ್ತು. ಅವರು ಮನೆಗೆ ಮರಳದೇ ಇರಬಹುದು ಎನ್ನುವುದೂ ಕಾಣುತ್ತಿತ್ತು. ನಾನು ಬಟ್ಟೆಯನ್ನು ಹಿಂದಕ್ಕೆ ತೆಗೆದುಕೊಂಡೆ. ಅಜ್ಜ ಬಲಗೈ ಎತ್ತಿದರು. ನಾನು ಹಿಡಿಯುವ ಮೊದಲೇ ಪೈಪು ಹೊರಗೆ ಬಂದಿತ್ತು.

ಈಗ ಅವರು ಐಸಿಯುನಲ್ಲಿ ಇದ್ದಾರೆ, ಬಾಯಲ್ಲಿ ಉಸಿರಿನ ದೊಡ್ಡ ಪೈಪು. ಮೈಮೇಲೆ ಏನೂ ಇರಬಾರದು ಎಂದು ಕೊರಳಿನ ಲಿಂಗವನ್ನೂ ಬಿಚ್ಚಿ ಹೊರಗೆ ಕೊಟ್ಟರು. ಹುಟ್ಟಿದಾಗಿನಿಂದ ಮೈಬಿಟ್ಟು ಇಳಿಯದ ಲಿಂಗ ಬಿಳಿ ವಸ್ತ್ರದಲ್ಲಿ ಕಲ್ಯಾಣಮ್ಮನವರ ಮಡಿಲಲ್ಲಿದೆ. ಗಿರಿರಾಜ್ ಸಾರ್ ನಾನು ಕೇಳದಿದ್ದರೂ, "ನೀವು ಮಾಡಿದ್ದು ಸರಿ ಸಿಸ್ಟರ್," ಎಂದು ಎರಡು ಬಾರಿ ಹೇಳಿದರು. ಕಲ್ಯಾಣಮ್ಮನವರು ನನ್ನ ಜೊತೆ ಆಡಿದ್ದು ಒಂದೇ ಮಾತು.

"ಹಿಂಡಿದ್ದೆ ಅಲ್ವೇನಮ್ಮ, ಬಟ್ಟೆ?"

"ಹಿಂಡಿದ್ದೆರೀ ಅಮ್ಮಾರ."

"ಹಂಗಾದ್ರೆ ಎಷ್ಟು ಹನಿ ಇತ್ತು ಅದ್ರಲ್ಲಿ?"

ಅವರ ಪಕ್ಕದ ಕುರ್ಚಿಯಲ್ಲಿ ಕೂತು ಇದನ್ನು ಟೈಪ್ ಮಾಡುತ್ತಿದ್ದೇನೆ. ಒಳಗಿನಿಂದ ಯಾರೂ ಬಂದು ಏನೂ ಹೇಳಿಲ್ಲ. ನೀವು ಪೂರ್ತಿ ಕೇಳಿದ್ದೀರಿ, ಆ ಉಸಿರನ್ನೂ ಆ ಬಾಯನ್ನೂ ಎರಡನ್ನೂ ನಿಮ್ಮ ಮುಂದೆ ಇಟ್ಟಿದ್ದೇನೆ. ಆ ಒದ್ದೆ ಬಟ್ಟೆ ನಿಮ್ಮ ಕೈಯಲ್ಲಿ ಇದ್ದಿದ್ದರೆ ನೀವು ಏನು ಮಾಡುತ್ತಿದ್ದಿರಿ?